ಸೆನ್ಸರ್ ಒಬ್ಬರದು, ಚಿಪ್ ಇನ್ನೊಬ್ಬರದು: ನ್ಯೂರೋಮಾರ್ಫಿಕ್ ಕಂಪನಿಗಳ ಕೈ ಹಿಡಿಯುವವರು ಯಾರು?

ಬೆಸುಗೆಕಡ್ಡಿ:

ಮೆದುಳಿನ ನರಕೋಶಗಳನ್ನು ಅನುಕರಿಸುವ ಚಿಪ್ಪಿಗೆ ನ್ಯೂರೋಮಾರ್ಫಿಕ್ ಚಿಪ್ ಎನ್ನುತ್ತಾರೆ. ಅದನ್ನು ಮಾಡುವ ಕಂಪನಿಗೆ ಮುಂದಿನ ಪಾಲುದಾರ ಯಾರಾಗಬಹುದು ಎಂದು ಊಹಿಸುವವರೆಲ್ಲ ಕಾರು ಕಂಪನಿ, ಮೊಬೈಲ್ ಕಂಪನಿ ಎಂದು ದೊಡ್ಡ ಹೆಸರುಗಳನ್ನೇ ಎಣಿಸುತ್ತಾರೆ. ನನ್ನ ಅನುಮಾನವೇ ಬೇರೆ. ಆ ಚಿಪ್ಪಿಗೆ ಬಡಿಸುವವರು ಇಮೇಜ್ ಸೆನ್ಸರ್ ಮಾಡುವವರು. ಬಡಿಸುವ ರೀತಿ ಸರಿಯಿಲ್ಲದಿದ್ದರೆ ಉಣ್ಣುವವನು ವಿದ್ಯುತ್ತಿನಲ್ಲಿ ಎಷ್ಟು ಮಿತಾಹಾರಿಯಾಗಿದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಮೊದಲು ಗಮನಿಸಬೇಕಾದ ನಂಟು ಸೆನ್ಸರ್ ಮತ್ತು ಚಿಪ್ ನಡುವಿನದು.

ಈ ವಿಷಯಕ್ಕೆ ಹೊಸಬರಾದವರಿಗಾಗಿ ಎರಡು ಮಾತು. ಸಾಮಾನ್ಯ ಕ್ಯಾಮೆರಾ ಸೆನ್ಸರ್ ಸೆಕೆಂಡಿಗೆ 30 ಸಲವೋ 60 ಸಲವೋ ಇಡೀ ಚಿತ್ರವನ್ನು ಓದಿ ಹೊರಗೆ ಕಳುಹಿಸುತ್ತದೆ, ಎದುರಿಗೆ ಒಂದು ಹುಲ್ಲುಕಡ್ಡಿ ಅಲುಗಾಡದಿದ್ದರೂ. ಈವೆಂಟ್ ಸೆನ್ಸರಿನಲ್ಲಿ ಹಾಗಲ್ಲ. ಪ್ರತಿ ಪಿಕ್ಸೆಲ್ ತನ್ನ ಮೇಲೆ ಬೀಳುವ ಬೆಳಕು ಗೊತ್ತುಪಡಿಸಿದ ಮಿತಿಯನ್ನು ಮೀರಿ ಬದಲಾದಾಗ ಮಾತ್ರ ಬಾಯಿ ಬಿಡುತ್ತದೆ: ನಾನು ಇಂಥ ಸಾಲಿನವನು, ಬೆಳಕು ಏರಿತು ಅಥವಾ ಇಳಿಯಿತು, ಸಮಯ ಇಷ್ಟು. ನ್ಯೂರೋಮಾರ್ಫಿಕ್ ಚಿಪ್ಪಿನ ಸ್ವಭಾವವೂ ಅದೇ. ಒಳಗಿನ ಕೃತಕ ನರಕೋಶಗಳು ಸ್ಪೈಕ್ ಎಂಬ ಕಿರು ಸಂಕೇತ ಬಂದರೆ ಲೆಕ್ಕ ಮಾಡುತ್ತವೆ, ಬಾರದಿದ್ದರೆ ಸುಮ್ಮನಿರುತ್ತವೆ. ಎರಡರ ಬೇರೂ ಒಂದೇ ಕಡೆ ಇದೆ: ಕ್ಯಾಲ್‌ಟೆಕ್‌ನಲ್ಲಿ ಕಾರ್ವರ್ ಮೀಡ್ ಮತ್ತು ಅವರ ವಿದ್ಯಾರ್ಥಿನಿ ಮಿಶಾ ಮಹೊವಾಲ್ಡ್ ರೂಪಿಸಿದ ಸಿಲಿಕಾನ್ ರೆಟಿನಾ, ಅಂದರೆ ಕಣ್ಣಿನ ಅಕ್ಷಿಪಟಲವನ್ನು ಅನುಕರಿಸುವ ಚಿಪ್. ಒಂದೇ ಮನೆಯಲ್ಲಿ ಹುಟ್ಟಿ ಬೇರೆ ಬೇರೆ ಕಂಪನಿಗಳಲ್ಲಿ ಬೆಳೆದ ಈ ಎರಡನ್ನು ಈಗ ಮತ್ತೆ ಒಂದೇ ಬೋರ್ಡಿನ ಮೇಲೆ ಕೂರಿಸಲು ಎಲ್ಲರೂ ಒದ್ದಾಡುತ್ತಿದ್ದಾರೆ.

ಬಹಿರಂಗವಾಗಿ ಗೊತ್ತಿರುವ ಜೋಡಿಗಳನ್ನು ನೋಡೋಣ. ಪ್ಯಾರಿಸ್‌ನ ಪ್ರೊಫೆಸೀ ಮತ್ತು ಸೋನಿ ಸೇರಿ ರೂಪಿಸಿದ ಐಎಂಎಕ್ಸ್636 ಎಂಬ ಈವೆಂಟ್ ಸೆನ್ಸರನ್ನು 2021ರಲ್ಲಿ ಸೋನಿ ಪ್ರಕಟಿಸಿತು. 1280×720 ಪಿಕ್ಸೆಲ್, ಒಂದೊಂದರ ಅಗಲ 4.86 ಮೈಕ್ರಾನ್. ಅದೇ ಪ್ರೊಫೆಸೀ 2022ರಲ್ಲಿ ಅಕಿಡಾ ಎಂಬ ನ್ಯೂರೋಮಾರ್ಫಿಕ್ ಚಿಪ್ಪಿನ ಬ್ರೈನ್‌ಚಿಪ್ ಜೊತೆಗೂ 2023ರಲ್ಲಿ ಮೊಬೈಲ್ ಚಿಪ್ ಮಾಡುವ ಕ್ವಾಲ್ಕಾಮ್ ಜೊತೆಗೂ ಸಹಯೋಗ ಘೋಷಿಸಿತು. ಇತ್ತ ನ್ಯೂರೋಮಾರ್ಫಿಕ್ ಚಿಪ್ ಕಂಪನಿ ಸಿನ್‌ಸೆನ್ಸ್ 2024ರಲ್ಲಿ ಜ್ಯೂರಿಕ್‌ನ ಸೆನ್ಸರ್ ಕಂಪನಿ ಇನಿವೇಷನ್ ಅನ್ನು ಕೊಂಡೇಬಿಟ್ಟಿತು. ಈ ನಾಲ್ಕರಲ್ಲಿ ನಾನು ನಂಬುವುದು ಮೊದಲನೆಯದನ್ನು ಮತ್ತು ಕೊನೆಯದನ್ನು. ಮೊದಲನೆಯದರಲ್ಲಿ ಕೈಗೆ ಸಿಗುವ ಸಿಲಿಕಾನ್ ಇದೆ, ಕೊನೆಯದರಲ್ಲಿ ಮಾಲೀಕತ್ವವೇ ಕೈ ಬದಲಾಯಿಸಿದೆ. ನಡುವಿನ ಎರಡರ ಬಗ್ಗೆ ನಿಮಗೆಲ್ಲ ಏನನ್ನಿಸುತ್ತದೆ?

ಪಾಲುಪತ್ರ:

ನಾನು ಎಂಜಿನಿಯರ್ ಅಲ್ಲ, ಷೇರು ಇಟ್ಟುಕೊಂಡು ಕಾಯುತ್ತಿರುವವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಪತ್ತೆ ಹಚ್ಚುವ ಕಷ್ಟ ಪಡಬೇಕಿಲ್ಲ. ಬೆಸುಗೆಕಡ್ಡಿಯವರೇ, ನೀವು ದೊಡ್ಡ ಹೆಸರುಗಳನ್ನು ಇಷ್ಟು ಸುಲಭವಾಗಿ ಪಕ್ಕಕ್ಕೆ ಸರಿಸುವುದು ಸರಿಯಲ್ಲ. ಬ್ರೈನ್‌ಚಿಪ್‌ನಿಂದ ಚಿಪ್ ಕಂಪನಿ ರೆನೆಸಾಸ್ 2020ರಲ್ಲಿ ಅಕಿಡಾ ವಿನ್ಯಾಸದ ಪರವಾನಗಿ ಪಡೆಯಿತು, ಜಪಾನಿನ ಮೆಗಾಚಿಪ್ಸ್ 2021ರಲ್ಲಿ. 2022ರ ಜನವರಿಯಲ್ಲಿ ಮರ್ಸಿಡಿಸ್ ತನ್ನ ವಿಷನ್ ಇಕ್ಯೂಎಕ್ಸ್‌ಎಕ್ಸ್ ಕಾರಿನಲ್ಲಿ ಅಕಿಡಾ ಬಳಸಿದ್ದಾಗಿ ಹೇಳಿತು. ಸಾಮಾನ್ಯ ಧ್ವನಿ ನಿಯಂತ್ರಣಕ್ಕಿಂತ ಐದರಿಂದ ಹತ್ತು ಪಟ್ಟು ದಕ್ಷ ಎಂದೂ ಹೇಳಿತು. ಇಷ್ಟೆಲ್ಲ ಇದ್ದ ಮೇಲೆ ಸೆನ್ಸರ್ ಕಂಪನಿಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದೇಕೆ?

ಅರ್ಧವಾಹಕ:

ನೀವು ಹೇಳಿದ ಹೆಸರುಗಳೆಲ್ಲ ನಿಜ, ವರ್ಷಗಳೂ ಸರಿ. ಆದರೆ ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಯುತ್ತಿದ್ದೀರಿ. ಇಕ್ಯೂಎಕ್ಸ್‌ಎಕ್ಸ್ ಪ್ರದರ್ಶನಕ್ಕೆಂದು, ಪರೀಕ್ಷೆಗೆಂದು ಮಾಡಿದ ಕಾರು. ಮಳಿಗೆಯಲ್ಲಿ ಮಾರಾಟಕ್ಕೆ ನಿಲ್ಲುವುದಲ್ಲ. ಅದರಲ್ಲಿ ಅಕಿಡಾ ಮಾಡಿದ ಕೆಲಸ ಮಾತಿನಲ್ಲಿ ಕರೆಯುವ ಪದವನ್ನು ಗುರುತಿಸುವುದು. ಅದು ಕಿವಿಯ ಕೆಲಸ, ಕಣ್ಣಿನದಲ್ಲ. ಇಲ್ಲಿ ಚರ್ಚೆ ಇರುವುದು ಕಣ್ಣಿನ ಬಗ್ಗೆ.

ಚಿಪ್ ವಿನ್ಯಾಸದ ಕೆಲಸದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. "ಪಾಲುದಾರಿಕೆ" ಎಂಬ ಒಂದೇ ಪದದೊಳಗೆ ಬಹಳ ಅಂತರದ ಸಂಗತಿಗಳು ತುಂಬಿಕೊಂಡಿರುತ್ತವೆ. ಒಬ್ಬರು ಇನ್ನೊಬ್ಬರ ಪರೀಕ್ಷಾ ಬೋರ್ಡ್ ಕೊಂಡು ಒಂದು ಪ್ರಾತ್ಯಕ್ಷಿಕೆ ಮಾಡಿ ಮೇಳದಲ್ಲಿ ಇಟ್ಟರೂ ಅದು ಪಾಲುದಾರಿಕೆಯೇ. ಹಣ ಕೊಟ್ಟು ವಿನ್ಯಾಸದ ಪರವಾನಗಿ ಪಡೆದರೂ ಅದೇ ಹೆಸರು. ಪರವಾನಗಿ ಪಡೆದವರು ಅದನ್ನು ತಮ್ಮ ಚಿಪ್ಪಿನೊಳಗೆ ಸೇರಿಸಿ, ಫೌಂಡ್ರಿಗೆ, ಅಂದರೆ ಚಿಪ್ ಅಚ್ಚು ಹಾಕುವ ಕಾರ್ಖಾನೆಗೆ, ವಿನ್ಯಾಸ ಕಳುಹಿಸಿ, ಬಂದ ಮಾದರಿಗಳನ್ನು ಪರೀಕ್ಷಿಸಿ, ಗಿರಾಕಿ ಒಪ್ಪಿ, ಲಕ್ಷಗಟ್ಟಲೆ ಚಿಪ್ ಮಾರಿದ ಮೇಲೆ ತಾನೇ ರಾಯಲ್ಟಿ? ಪರವಾನಗಿ ಪಡೆದ ಮಾತ್ರಕ್ಕೆ ಚಿಪ್ ಮಾಡಲೇಬೇಕೆಂಬ ಕಟ್ಟುಪಾಡಿಲ್ಲ. ರೆನೆಸಾಸ್‌ಗೆ ಡಿಆರ್‌ಪಿ-ಎಐ ಎಂಬ ಸ್ವಂತ ಎಐ ವೇಗವರ್ಧಕವೂ ಇದೆ, ಅದನ್ನು ತನ್ನ ಆರ್‌ಝಡ್/ವಿ ಚಿಪ್ ಸರಣಿಯಲ್ಲಿ ಮಾರುತ್ತಿದೆ. ಮನೆಯಲ್ಲೇ ಅಡುಗೆಯವನಿದ್ದಾಗ ಹೊರಗಿನವನಿಗೆ ಎಷ್ಟು ದಿನ ಕೆಲಸ ಸಿಗುತ್ತದೆ?

ಕ್ವಾಲ್ಕಾಮ್ ವಿಷಯಕ್ಕೆ ಬಂದರೆ, ಅದು ನನಗೆ ಪೊಳ್ಳು ಎನಿಸುವುದಿಲ್ಲ, ಬೇರೆ ಜಾತಿಯದು ಎನಿಸುತ್ತದೆ. ಅಲ್ಲಿನ ಗುರಿ ಮೊಬೈಲ್ ಫೋಟೊದಲ್ಲಿ ಕೈ ಅಲುಗಾಟದಿಂದ, ಓಡುವ ಮಗುವಿನಿಂದ ಬರುವ ಮಸುಕನ್ನು ತೆಗೆಯುವುದು. ಸಾಮಾನ್ಯ ಸೆನ್ಸರಿನ ಫ್ರೇಮ್ ತೆರೆದಿದ್ದ ಆ ಕೆಲವೇ ಮಿಲಿಸೆಕೆಂಡುಗಳಲ್ಲಿ ಏನೇನು ಚಲಿಸಿತು ಎಂಬುದನ್ನು ಈವೆಂಟ್ ಸೆನ್ಸರ್ ಹೇಳುತ್ತದೆ, ಕ್ವಾಲ್ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಅದನ್ನು ಬಳಸಿ ಚಿತ್ರವನ್ನು ಸರಿಪಡಿಸುತ್ತದೆ. ಗಮನಿಸಿದಿರಾ? ಇಡೀ ಕಥೆಯಲ್ಲಿ ನ್ಯೂರೋಮಾರ್ಫಿಕ್ ಚಿಪ್ ಎಲ್ಲಿಯೂ ಇಲ್ಲ. ಈವೆಂಟ್ ಸೆನ್ಸರ್ ಬೆಳೆಯಲು ನ್ಯೂರೋಮಾರ್ಫಿಕ್ ಚಿಪ್ ಬೇಕೇಬೇಕು ಎಂದೇನಿಲ್ಲ. ಆ ಚಿಪ್ಪಿಗೆ ಮಾತ್ರ ಒಳ್ಳೆಯ ಸೆನ್ಸರ್ ಬೇಕೇಬೇಕು. ಗರಜು ಯಾರಿಗೆ ಹೆಚ್ಚು ಎಂಬುದು ಇಲ್ಲೇ ಗೊತ್ತಾಗುತ್ತದೆ.

ಮೂರನೇ ಸೆಮಿಸ್ಟರ್:

ಒಂದು ಸಂದೇಹ. ಪ್ರೊಫೆಸೀಯ ಜೆನ್‌ಎಕ್ಸ್320 ಎಂಬ ಪುಟ್ಟ ಸೆನ್ಸರ್ 2023ರಲ್ಲಿ ಬಂತಲ್ಲ, 320×320 ಪಿಕ್ಸೆಲ್‌ನದು. ಅದು 36 ಮೈಕ್ರೋವಾಟ್‌ನಲ್ಲಿ ಕೆಲಸ ಮಾಡಬಲ್ಲದು ಎಂದು ಓದಿದೆ. ಅಷ್ಟು ಕಡಿಮೆ ಇದ್ದ ಮೇಲೆ ವಿದ್ಯುತ್ತಿನ ಸಮಸ್ಯೆ ಬಗೆಹರಿದಂತೆಯೇ ಅಲ್ಲವೇ? ಪಕ್ಕದಲ್ಲಿ ಯಾವ ಚಿಪ್ ಇಟ್ಟರೂ ನಡೆಯಬೇಕಲ್ಲವೇ?

ಬೆಸುಗೆಕಡ್ಡಿ:

ಒಳ್ಳೆಯ ಪ್ರಶ್ನೆ. ಕಾಗದದ ಮೇಲೆ ಲೆಕ್ಕ ಮಾಡೋಣ. ಸಿಆರ್2032 ನಾಣ್ಯ ಬ್ಯಾಟರಿಯಲ್ಲಿ ಸುಮಾರು 225 ಮಿಲಿಆಂಪಿಯರ್-ಗಂಟೆ, 3 ವೋಲ್ಟ್. ಅಂದರೆ 675 ಮಿಲಿವಾಟ್-ಗಂಟೆ. 36 ಮೈಕ್ರೋವಾಟ್ ಮಾತ್ರ ಎಳೆದರೆ 18,750 ಗಂಟೆ, ಎರಡು ವರ್ಷಕ್ಕಿಂತ ತುಸು ಹೆಚ್ಚು. ಒಟ್ಟು ಬಳಕೆ 2 ಮಿಲಿವಾಟ್ ಆದರೆ ಅದೇ ಬ್ಯಾಟರಿ ಎರಡು ವಾರಕ್ಕೆ ಮುಗಿಯುತ್ತದೆ. ಆ 36 ಎಂಬುದು ಸೆನ್ಸರ್ ಅತಿ ಕಡಿಮೆ ವಿದ್ಯುತ್ತಿನ ಸ್ಥಿತಿಯಲ್ಲಿ ಅರೆಗಣ್ಣು ತೆರೆದು ಕಾಯುತ್ತಿರುವಾಗಿನ ಅಂಕಿ. ದೃಶ್ಯ ಚುರುಕಾದಂತೆ ಅಂಕಿಯೂ ಏರುತ್ತದೆ. ಜೊತೆಗೆ ವೋಲ್ಟೇಜ್ ನಿಯಂತ್ರಕ, ಗಡಿಯಾರದ ಸ್ಫಟಿಕ, ಮೆಮೊರಿ, ಸುದ್ದಿ ಕಳುಹಿಸುವ ರೇಡಿಯೊ ಇವೆಲ್ಲ ಪಂಕ್ತಿಯಲ್ಲಿ ಕೂರುತ್ತವೆ.

ಇನ್ನು ನನ್ನ ಬೆಂಚಿನ ಕಥೆ. ಮೊದಲ ಸಲ ಈವೆಂಟ್ ಕ್ಯಾಮೆರಾ ಹಚ್ಚಿದ ದಿನ ಅದನ್ನು ಗೋಡೆಯ ಕಡೆ ತಿರುಗಿಸಿ, ಖಾಲಿ ಗೋಡೆಯಲ್ಲಿ ಈವೆಂಟ್ ಎಲ್ಲಿಂದ ಬರಬೇಕು ಎಂದು ನೆಮ್ಮದಿಯಿಂದ ಕುಳಿತೆ. ಪರದೆ ತುಂಬ ಕೆಂಪು ನೀಲಿ ಚುಕ್ಕೆಗಳ ಜಾತ್ರೆ. ಸೆನ್ಸರ್ ಕೆಟ್ಟಿದೆ ಎಂದುಕೊಂಡು ಕೇಬಲ್ ಬದಲಾಯಿಸಿದೆ, ಮಿತಿಗಳನ್ನು ಬದಲಾಯಿಸಿದೆ, ಅರ್ಧ ದಿನ ಹೋಯಿತು. ಕೊನೆಗೆ ಕಾಕತಾಳೀಯವಾಗಿ ತಲೆಯ ಮೇಲಿನ ಎಲ್‌ಇಡಿ ದೀಪ ಆರಿಸಿದಾಗ ಪರದೆ ಒಮ್ಮೆಲೇ ಕಪ್ಪಾಯಿತು. ದೀಪ ಸೆಕೆಂಡಿಗೆ 100 ಸಲ ಮಿನುಗುತ್ತಿತ್ತು. ನಮ್ಮ ಕಣ್ಣಿಗೆ ಕಾಣದು, ಅದಕ್ಕೆ ಕಂಡಿತು. 320×320ರ ಸೆನ್ಸರಿನಲ್ಲಿ ಎಲ್ಲ ಪಿಕ್ಸೆಲ್‌ಗಳೂ ಪ್ರತಿ ಮಿನುಗಿಗೆ ಒಂದು ಏರಿಕೆ, ಒಂದು ಇಳಿಕೆ ವರದಿ ಮಾಡಿದರೂ ಸೆಕೆಂಡಿಗೆ ಎರಡು ಕೋಟಿ ಈವೆಂಟ್. ಒಂದೂ ಉಪಯೋಗಕ್ಕಿಲ್ಲ. ಇದನ್ನೆಲ್ಲ ಪಕ್ಕದ ನ್ಯೂರೋಮಾರ್ಫಿಕ್ ಚಿಪ್ಪಿಗೆ ಸುರಿದರೆ ಅದರ ಮಿತಾಹಾರ ಅಲ್ಲಿಗೆ ಮುಗಿಯಿತು. ಐಎಂಎಕ್ಸ್636 ಒಳಗೇ ಮಿನುಗು ಶೋಧಕವನ್ನೂ ಈವೆಂಟ್ ಪ್ರಮಾಣಕ್ಕೆ ಕಡಿವಾಣ ಹಾಕುವ ವ್ಯವಸ್ಥೆಯನ್ನೂ ಇಟ್ಟಿರುವುದು ಇದಕ್ಕಾಗಿಯೇ. ಯಾವ ಈವೆಂಟ್ ಕಸ, ಯಾವುದು ಕಾಳು ಎಂದು ಸೆನ್ಸರಿನೊಳಗೇ ತೀರ್ಮಾನವಾಗಬೇಕು. ಅದಕ್ಕೆ ಸೆನ್ಸರ್ ಎಂಜಿನಿಯರ್ ಮತ್ತು ಚಿಪ್ ಎಂಜಿನಿಯರ್ ಒಂದೇ ಮೇಜಿನಲ್ಲಿ ಕೂರಬೇಕು. ನಾನು ಪಾಲುದಾರಿಕೆ ಎನ್ನುವುದು ಅದನ್ನು.

ಕತ್ತಲೆಕೋಣೆ:

ಸೆನ್ಸರ್ ಕಡೆಯವನಾಗಿ ನಾನೂ ಬಾಯಿ ಹಾಕುತ್ತೇನೆ. ಇಪ್ಪತ್ತು ವರ್ಷ ಪಿಕ್ಸೆಲ್ ಬಿಡಿಸಿದ್ದೇನೆ.

ನೀವೆಲ್ಲ ಒಂದು ಸಂಗತಿಯನ್ನು ಮುಟ್ಟಲೇ ಇಲ್ಲ: ಸಿಲಿಕಾನ್ ವಿಸ್ತೀರ್ಣ. 2008ರಲ್ಲಿ ಪ್ರಕಟವಾದ 128×128ರ ಡಿವಿಎಸ್ ಎಂಬ ಈವೆಂಟ್ ಸೆನ್ಸರಿನಲ್ಲಿ ಪಿಕ್ಸೆಲ್ 40 ಮೈಕ್ರಾನ್ ಅಗಲವಿತ್ತು. ಈಗ 4.86ಕ್ಕೆ ಇಳಿದಿರುವುದು ಪಿಕ್ಸೆಲ್ ಪದರವನ್ನೂ ಲೆಕ್ಕ ಮಾಡುವ ಲಾಜಿಕ್ ಪದರವನ್ನೂ ಒಂದರ ಮೇಲೊಂದು ಜೋಡಿಸಿ, ತಾಮ್ರದಿಂದ ತಾಮ್ರಕ್ಕೆ ಬೆಸೆಯುವ ತಂತ್ರದಿಂದ. ಬಹಳ ದೊಡ್ಡ ಸಾಧನೆ, ಒಪ್ಪುತ್ತೇನೆ. ಆದರೂ ಮೊಬೈಲ್‌ನಲ್ಲಿರುವ 0.8 ಮೈಕ್ರಾನ್ ಪಿಕ್ಸೆಲ್ ಪಕ್ಕದಲ್ಲಿಟ್ಟು ನೋಡಿ: ಒಂದು ಈವೆಂಟ್ ಪಿಕ್ಸೆಲ್ ಇರುವ ಜಾಗದಲ್ಲಿ ಸುಮಾರು 37 ಮೊಬೈಲ್ ಪಿಕ್ಸೆಲ್ ಹಿಡಿಯುತ್ತವೆ. ಚಿಪ್‌ಗಳನ್ನು ಕತ್ತರಿಸಿ ತೆಗೆಯುವ ಸಿಲಿಕಾನ್ ಬಿಲ್ಲೆ, ಅಂದರೆ ವೇಫರ್, ಅದರ ಬೆಲೆ ವಿಸ್ತೀರ್ಣಕ್ಕೆ ತಕ್ಕಂತೆ. ಹೀಗೆ ಪದರ ಜೋಡಿಸುವ ಸಾಮರ್ಥ್ಯ ಇರುವ ಕಾರ್ಖಾನೆಗಳು ಕೈಬೆರಳೆಣಿಕೆಯಷ್ಟು. ಆದ್ದರಿಂದ ಈ ಸಂಬಂಧದಲ್ಲಿ ಷರತ್ತು ಹಾಕುವವರು ಯಾರೆಂದು ಬೇರೆ ಹೇಳಬೇಕಿಲ್ಲ.

ಪಾಲುಪತ್ರರಿಗೆ ಕಹಿಯಾಗಬಹುದಾದ ಮಾತು ಇದು. ಕೆಳಗಿನ ಲಾಜಿಕ್ ಪದರ ಹೇಗೂ ಇದೆ. ಅಲ್ಲಿ ಜಾಗ ಉಳಿದರೆ ಸೆನ್ಸರ್ ಕಂಪನಿಗೆ ಮೊದಲು ಹೊಳೆಯುವುದು "ಲೆಕ್ಕವನ್ನೂ ನಾವೇ ಮಾಡಿಬಿಡೋಣ" ಎಂಬ ಯೋಚನೆ. ಸೋನಿ 2020ರಲ್ಲಿ ಐಎಂಎಕ್ಸ್500 ತಂದಾಗ ಮಾಡಿದ್ದು ಅದನ್ನೇ. 12.3 ಮೆಗಾಪಿಕ್ಸೆಲ್‌ನ ಸಾಮಾನ್ಯ ಸೆನ್ಸರ್, ಅದರ ಅಡಿಯ ಪದರದಲ್ಲೇ ನರಜಾಲ ನಡೆಸುವ ಸಂಸ್ಕಾರಕ (ಪ್ರೊಸೆಸರ್) ಮತ್ತು 8 ಎಂಬಿ ಮೆಮೊರಿ. ಬೇಕಿದ್ದರೆ ಚಿತ್ರ ಹೊರಗೆ ಬರುವುದೇ ಇಲ್ಲ. "ಇಲ್ಲೊಬ್ಬ ಮನುಷ್ಯ, ಅಲ್ಲೊಂದು ಕಾರು" ಎಂಬ ಫಲಿತಾಂಶ ಮಾತ್ರ ಬರುತ್ತದೆ. 2024ರಲ್ಲಿ ಅಂಗೈಯಗಲದ ಕಂಪ್ಯೂಟರ್ ಮಾಡುವ ರಾಸ್ಪ್‌ಬೆರಿ ಪೈ ಅದನ್ನು 70 ಡಾಲರ್‌ನ ಕ್ಯಾಮೆರಾ ಮಾಡಿ ಮಾರಾಟಕ್ಕಿಟ್ಟಿತು. ಅದರಲ್ಲಿ ಸ್ಪೈಕ್ ಇಲ್ಲ, ನರಕೋಶದ ಅನುಕರಣೆ ಇಲ್ಲ. ಹೊರಗಿನ ಚಿಪ್ ಕಂಪನಿಯ ಹಂಗೂ ಇಲ್ಲ. ಅಲ್ಲದೆ ಸೋನಿ ಇನ್‌ಸೈಟ್‌ನೆಸ್ ಎಂಬ ಜ್ಯೂರಿಕ್‌ನ ಈವೆಂಟ್ ಸೆನ್ಸರ್ ಕಂಪನಿಯನ್ನೂ ತನ್ನೊಳಗೆ ಸೇರಿಸಿಕೊಂಡಿದೆ.

ಅಗ್ಗದ ತುದಿಯಲ್ಲಿ ಹೈಮ್ಯಾಕ್ಸ್‌ನ ಎಚ್‌ಎಂ01ಬಿ0 ಇದೆ. ಅದು ಸಾಮಾನ್ಯ ಫ್ರೇಮ್ ಸೆನ್ಸರ್, ಕಪ್ಪು-ಬಿಳುಪು, 320×240ರಲ್ಲಿ ಸೆಕೆಂಡಿಗೆ 30 ಫ್ರೇಮ್‌ಗೆ ಸುಮಾರು 2 ಮಿಲಿವಾಟ್. ಚಲನೆ ಕಂಡರೆ ಎಬ್ಬಿಸುವ ವ್ಯವಸ್ಥೆಯೂ ಒಳಗೇ ಇದೆ. ಸೆಕೆಂಡಿಗೆ ಒಂದೇ ಫ್ರೇಮ್ ತೆಗೆದು ಉಳಿದ ಹೊತ್ತು ಮಲಗಿಸಿದರೆ ಬಳಕೆ ಇನ್ನೂ ಇಳಿಯುತ್ತದೆ. ಬಾಗಿಲ ಬಳಿ ಯಾರಾದರೂ ಬಂದರೇ ಎಂದು ನೋಡಲು ಮೈಕ್ರೋಸೆಕೆಂಡ್ ವೇಗ ಯಾರಿಗೆ ಬೇಕು? ಈವೆಂಟ್ ಸೆನ್ಸರಿನ ನಿಜವಾದ ಎದುರಾಳಿ ಇಂಥ ಸೋಮಾರಿ ಫ್ರೇಮ್ ಸೆನ್ಸರ್.

ಅರ್ಧವಾಹಕ:

ಕತ್ತಲೆಕೋಣೆಯವರ ಮಾತಿಗೆ ಒಂದು ಸೇರಿಕೆ, ಒಂದು ತಕರಾರು.

ಸೇರಿಕೆ ಇದು: ಇಬ್ಬರ ಭಾಷೆಯೂ ಬೇರೆ. ಪ್ರೊಫೆಸೀಯವರದು ಇವಿಟಿ ಎಂಬ ದತ್ತಾಂಶ ವಿನ್ಯಾಸ, ಇನಿವೇಷನ್‌ನವರದು ಎಇಡ್ಯಾಟ್. ಚಿಪ್ ಕಡೆ ಒಬ್ಬೊಬ್ಬರದು ಒಂದೊಂದು ತಂತ್ರಾಂಶ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಪರಿಸ್ಥಿತಿ. ಇದರಿಂದ ಪಾರಾಗಲು ಬಹಳ ಪ್ರಾತ್ಯಕ್ಷಿಕೆಗಳಲ್ಲಿ ಏನು ಮಾಡುತ್ತಾರೆ ಗೊತ್ತೇ? ಹತ್ತು ಮಿಲಿಸೆಕೆಂಡಿನ ಈವೆಂಟ್‌ಗಳನ್ನು ಗುಡ್ಡೆ ಹಾಕಿ, ಅದನ್ನೊಂದು ಫ್ರೇಮ್ ಮಾಡಿ, ಆ ಫ್ರೇಮ್ ಅನ್ನು ಚಿಪ್ಪಿಗೆ ಕೊಡುತ್ತಾರೆ. ನಡುವೆ ಒಂದು ಸಾಮಾನ್ಯ ಪ್ರೊಸೆಸರ್ ಸದಾ ಎಚ್ಚರವಾಗಿದ್ದು ಈ ಗುಡ್ಡೆ ಹಾಕುವ ಕೆಲಸ ಮಾಡುತ್ತಿರುತ್ತದೆ. ಎರಡು ತುದಿಗಳಲ್ಲಿ ಉಳಿಸಿದ ವಿದ್ಯುತ್ತನ್ನು ನಡುವಿನವನು ತಿಂದು ಹಾಕುತ್ತಾನೆ. ಚಿಪ್ಪಿನಲ್ಲಿ ನಡೆಸುವ ನರಜಾಲದ ವಿವರಣೆಗಾದರೂ ಎನ್‌ಐಆರ್ ಎಂಬ ಸಾಮಾನ್ಯ ರೂಪವೊಂದು 2024ರಲ್ಲಿ ಪ್ರಕಟವಾಯಿತು. ಲೊಯ್ಹಿ 2, ಸ್ಪಿನ್ನೇಕರ್2, ಸ್ಪೆಕ್, ಕ್ಸೈಲೊ ಎಂಬ ನ್ಯೂರೋಮಾರ್ಫಿಕ್ ಚಿಪ್‌ಗಳಿಗೆ ಒಂದೇ ಜಾಲವನ್ನು ಒಯ್ಯಬಹುದು. ನನ್ನ ಮಟ್ಟಿಗೆ ಹತ್ತು ಪತ್ರಿಕಾ ಪ್ರಕಟಣೆಗಿಂತ ಅದು ದೊಡ್ಡ ಸುದ್ದಿ. ಯಾರೂ ಇಲ್ಲಿ ಅದಕ್ಕೆ ಒಂದು ಸಾಲೂ ಬರೆಯಲಿಲ್ಲ.

ತಕರಾರು: ಸೆನ್ಸರ್ ಕಂಪನಿ ಎಲ್ಲವನ್ನೂ ನುಂಗುತ್ತದೆ ಎಂಬುದನ್ನು ಪೂರ್ತಿ ಒಪ್ಪಲಾರೆ. ಸಿನ್‌ಸೆನ್ಸ್‌ನ ಸ್ಪೆಕ್ ನೋಡಿ. 128×128ರ ಡಿವಿಎಸ್ ಮತ್ತು ಸ್ಪೈಕ್ ಸಂಸ್ಕಾರಕ ಒಂದೇ ಚಿಪ್ಪಿನಲ್ಲಿ, ನಡುವೆ ಗುಡ್ಡೆ ಹಾಕುವವನೇ ಇಲ್ಲ. ಸುಮ್ಮನಿರುವಾಗ 0.42 ಮಿಲಿವಾಟ್, ಕೆಲಸ ಮಾಡುವಾಗ 0.70ರಷ್ಟು ಕಡಿಮೆ ಎಂದು ಅವರ ಪ್ರಬಂಧದಲ್ಲಿದೆ. ಬೆಸುಗೆಕಡ್ಡಿಯವರ ನಾಣ್ಯ ಬ್ಯಾಟರಿ ಅದರಲ್ಲಿ 40 ದಿನ ಬಾಳುತ್ತದೆ, ನೋಡುವುದು ಮಾತ್ರವಲ್ಲ, ಗುರುತಿಸುವುದೂ ಸೇರಿ. ಇಲ್ಲಿ ಸೆನ್ಸರನ್ನು ಒಳಗೆ ಎಳೆದುಕೊಂಡದ್ದು ಚಿಪ್ ಕಂಪನಿ.

ಪಾಲುಪತ್ರ:

ಸರಿ, ನನ್ನ ಕುಲಾವಿಯನ್ನು ಮಡಚಿ ಇಡುತ್ತೇನೆ. ಆದರೆ ನೀವು ಮೂವರೂ ಏನು ಆಗುವುದಿಲ್ಲ ಎಂಬುದನ್ನೇ ಹೇಳಿದಿರಿ. ಆಗುವುದು ಎಲ್ಲಿ? ಯಾರು ಯಾರ ಜೊತೆ ಸೇರಿದರೆ ನಿಜವಾಗಿ ಹಣ ಬರುತ್ತದೆ?

ಬೆಸುಗೆಕಡ್ಡಿ:

ಷೇರಿನ ಸಲಹೆ ನನ್ನಿಂದ ಬೇಡ. ತಾಂತ್ರಿಕವಾಗಿ ಒಪ್ಪುವ ಜಾಗಗಳನ್ನು ಹೇಳಬಲ್ಲೆ.

ನನಗೆ ಎಲ್ಲಕ್ಕಿಂತ ಸಹಜವಾಗಿ ಕಾಣುವುದು ಸ್ಮಾರ್ಟ್ ಕನ್ನಡಕ. ಕಣ್ಣುಗುಡ್ಡೆ ಎತ್ತ ತಿರುಗಿತು ಎಂದು ಸದಾ ಗಮನಿಸುತ್ತಿರಬೇಕು. ಗುಡ್ಡೆ ಚಕ್ಕನೆ ಜಿಗಿಯುತ್ತದೆ, ನಡುವೆ ನಿಂತಿರುತ್ತದೆ. ಈವೆಂಟ್ ಸೆನ್ಸರಿಗೆ ಹೇಳಿ ಮಾಡಿಸಿದ ಕೆಲಸ. ಬೆಳಕಿನ ಮೂಲವೂ ಕನ್ನಡಕದ್ದೇ ಆದ್ದರಿಂದ ಮಿನುಗಿನ ಪೀಡೆ ಕಡಿಮೆ. ಕನ್ನಡಕದ ಕಡ್ಡಿಯಲ್ಲಿ ಹಿಡಿಯುವ ಬ್ಯಾಟರಿ ಎಷ್ಟು ಎಂಬುದನ್ನು ಯೋಚಿಸಿದರೆ ಸೋಮಾರಿ ಫ್ರೇಮ್ ಸೆನ್ಸರ್ ಇಲ್ಲಿ ಗೆಲ್ಲಲಾರದು, ಏಕೆಂದರೆ ಇಲ್ಲಿ ವೇಗವೂ ಬೇಕು, ಮಿತವ್ಯಯವೂ ಬೇಕು. ಜೆನ್‌ಎಕ್ಸ್320ನಂಥ ಪುಟ್ಟ ಸೆನ್ಸರ್ ಮತ್ತು ಕೆಲವೇ ಸಾವಿರ ನರಕೋಶದ ಪುಟ್ಟ ಸಂಸ್ಕಾರಕ ಒಂದೇ ಕವಚದಲ್ಲಿ ಬಂದರೆ ಕೊಳ್ಳುವವರು ಇದ್ದಾರೆ.

ಎರಡನೆಯದು ಬಾಹ್ಯಾಕಾಶ. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ 2021ರ ಡಿಸೆಂಬರ್‌ನಲ್ಲಿ ಫಾಲ್ಕನ್ ನ್ಯೂರೊ ಎಂಬ ಈವೆಂಟ್ ಕ್ಯಾಮೆರಾ ಉಪಕರಣ ಹೋಯಿತು. ಬಾಹ್ಯಾಕಾಶಕ್ಕೆಂದೇ ಪ್ರೊಸೆಸರ್ ಮಾಡುವ ಫ್ರಂಟ್‌ಗ್ರೇಡ್ ಗೈಸ್ಲರ್ 2024ರಲ್ಲಿ ಅಕಿಡಾ ಪರವಾನಗಿ ಪಡೆಯಿತು. ಸಂಖ್ಯೆ ಸಣ್ಣದು, ರಾಯಲ್ಟಿಯಿಂದ ಮಹಡಿ ಏಳುವುದಿಲ್ಲ. ಆದರೆ ಆ ಗಿರಾಕಿಗೆ ನಿಜವಾದ ಅಗತ್ಯವಿದೆ, ಮೇಳದ ಪ್ರದರ್ಶನಕ್ಕೆಂದು ಕೊಳ್ಳುತ್ತಿಲ್ಲ.

ಕಾರ್ಖಾನೆಯಲ್ಲಿ ಯಂತ್ರದ ಕಂಪನ ಅಳೆಯುವುದಕ್ಕೆ ಈವೆಂಟ್ ಸೆನ್ಸರ್ ಚೆನ್ನಾಗಿದೆ, ಆದರೆ ಅಲ್ಲಿ ಗೋಡೆಯ ವಿದ್ಯುತ್ ಇದ್ದೇ ಇರುತ್ತದೆ. ಮಿತವ್ಯಯದ ಚಿಪ್ ಮಾರಲು ಅದು ಜಾಗವಲ್ಲ.

ಖರೀದಿ ವಿಭಾಗ:

ನಾನು ಸುಮ್ಮನೆ ಓದುವವನು, ಬರೆಯುವುದು ಕಡಿಮೆ. ಬಿಡಿಭಾಗ ಕೊಳ್ಳುವವನ ಕಡೆಯಿಂದ ಒಂದು ಮಾತು ಬಿಟ್ಟುಹೋಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಉಪಕರಣವೊಂದಕ್ಕೆ ಒಂದು ಸಣ್ಣ ಕಂಪನಿಯ ಸೆನ್ಸರ್ ಹಾಕಿದೆವು. ಚೆನ್ನಾಗಿತ್ತು. ಒಂದು ದಿನ ಮಿಂಚಂಚೆ ಬಂತು: ಈ ಭಾಗದ ಉತ್ಪಾದನೆ ನಿಲ್ಲಿಸುತ್ತಿದ್ದೇವೆ, ಕೊನೆಯ ಆದೇಶ ಇಷ್ಟರೊಳಗೆ ಕೊಡಿ. ಅದೇ ಪಿನ್ ಜೋಡಣೆ, ಅದೇ ವೋಲ್ಟೇಜ್, ಅದೇ ಮಸೂರಕ್ಕೆ ಹೊಂದುವ ಬದಲಿ ಜಗತ್ತಿನಲ್ಲಿ ಇರಲಿಲ್ಲ. ಬೋರ್ಡನ್ನು ಮತ್ತೆ ಬಿಡಿಸಿ, ತಂತ್ರಾಂಶ ಮತ್ತೆ ಬರೆದು, ಪ್ರಮಾಣಪತ್ರಗಳನ್ನು ಮತ್ತೆ ಪಡೆಯಲು ಒಂದು ವರ್ಷದ ಮೇಲೆ ಹಿಡಿಯಿತು. ಅಂದಿನಿಂದ ನನ್ನ ಮೊದಲ ಪ್ರಶ್ನೆ ಒಂದೇ: ಇದರ ಎರಡನೆಯ ಮೂಲ ಎಲ್ಲಿದೆ?

ಈವೆಂಟ್ ಸೆನ್ಸರ್ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಕಷ್ಟ. 2024ರ ಅಕ್ಟೋಬರ್‌ನಲ್ಲಿ ಪ್ರೊಫೆಸೀ ಹೊಸ ಬಂಡವಾಳ ಸಿಗದೆ ಫ್ರಾನ್ಸ್‌ನ ನ್ಯಾಯಾಲಯದ ಮೇಲ್ವಿಚಾರಣೆಯ ಪುನಶ್ಚೇತನ ಪ್ರಕ್ರಿಯೆಗೆ ಹೋಗಬೇಕಾಯಿತು. ಅಷ್ಟು ಹೆಸರು, ಅಷ್ಟು ಪಾಲುದಾರರು, ಅಷ್ಟು ಹೂಡಿಕೆ ಇದ್ದ ಕಂಪನಿ. ಹಾಗಾಗಿ ನೀವು ಹೇಳುವ ಜೋಡಿಗಳಲ್ಲಿ ನನ್ನಂಥವನಿಗೆ ಧೈರ್ಯ ಕೊಡುವುದು ಸೋನಿಯ ಕಾರ್ಖಾನೆ ಮತ್ತು ಸೋನಿಯ ಭಾಗಸಂಖ್ಯೆ. ಚಿಪ್ ಕಂಪನಿಗಳು ಪ್ರಾತ್ಯಕ್ಷಿಕೆ ತೋರಿಸುವ ಬದಲು "ನಾವು ಮುಳುಗಿದರೆ ವಿನ್ಯಾಸದ ಕಡತಗಳು ನಿಮ್ಮ ಕೈಗೆ ಬರುವಂತೆ ಮೂರನೆಯವರ ಬಳಿ ಇಟ್ಟಿದ್ದೇವೆ" ಎಂದು ಬರೆದುಕೊಡಲಿ. ಅಂದು ನಾನೇ ಎದ್ದು ನಿಂತು ಕೈ ಕುಲುಕುತ್ತೇನೆ.

ಕತ್ತಲೆಕೋಣೆ:

ಖರೀದಿಯವರು ಹೇಳಿದ್ದು ನೂರಕ್ಕೆ ನೂರು. ನಾವು ವಿನ್ಯಾಸಕಾರರು ಇದನ್ನು ಯೋಚಿಸುವುದೇ ಇಲ್ಲ.

ಮೂರನೇ ಸೆಮಿಸ್ಟರ್:

ಇಷ್ಟು ಓದಿದ ಮೇಲೆ ನಾನೇ ಅಳೆದು ನೋಡಬೇಕೆನಿಸಿದೆ. ನಮ್ಮ ಪ್ರಯೋಗಾಲಯದಲ್ಲಿ ರಾಸ್ಪ್‌ಬೆರಿ ಪೈ 5 ಇದೆ, ಐಎಂಎಕ್ಸ್500 ಕ್ಯಾಮೆರಾ ಇದೆ, ಜೆನ್‌ಎಕ್ಸ್320 ಕಿಟ್ ತರಿಸುವ ಮಾತಿದೆ. ಎರಡನ್ನೂ ಒಂದೇ ಪೈಗೆ ಸರದಿಯಲ್ಲಿ ಹಚ್ಚಿ ಒಟ್ಟು ಕರೆಂಟ್ ಹೋಲಿಸಿದರೆ ಸಾಕೇ?

ಬೆಸುಗೆಕಡ್ಡಿ:

ಸಾಲದು. ಪೈ ತಾನೇ ಹಲವು ವಾಟ್ ಎಳೆಯುತ್ತದೆ; ಅದರ ಒಟ್ಟು ಕರೆಂಟಿನಲ್ಲಿ ಸೆನ್ಸರಿನ ಪಾಲು ಹುಡುಕುವುದು ಆನೆಯ ಬೆನ್ನಿನ ಮೇಲೆ ಇರುವೆ ಕೂರಿಸಿ ತೂಗಿದಂತೆ. ಸೆನ್ಸರಿಗೆ ಹೋಗುವ ವಿದ್ಯುತ್ ಗೆರೆಯಲ್ಲಿ ಸಣ್ಣ ಪ್ರತಿರೋಧಕ ಹಾಕಿ, ಅದರ ಎರಡು ತುದಿಗಳ ವೋಲ್ಟೇಜನ್ನು ಆಸಿಲೋಸ್ಕೋಪ್‌ನಲ್ಲಿ ನೋಡಿ. ಮಲ್ಟಿಮೀಟರ್ ಸರಾಸರಿ ತೋರಿಸಿ ಮೋಸ ಮಾಡುತ್ತದೆ. ಮೊದಲು ದೀಪ ಆರಿಸಿದ ಖಾಲಿ ಕೋಣೆ, ಒಂದು ಗಂಟೆ. ಆಮೇಲೆ ದೀಪ ಹಚ್ಚಿದ ಖಾಲಿ ಕೋಣೆ, ಒಂದು ಗಂಟೆ. ಯಾರಾದರೂ ಓಡಾಡುವ ಕೋಣೆ ಕೊನೆಗೆ. ಫ್ಯಾನ್ ತಿರುಗುತ್ತಿದ್ದರೆ ಮರೆಯದೆ ನಿಲ್ಲಿಸಿ. ನಾನು ಎರಡನೆಯ ಅರ್ಧ ದಿನ ಕಳೆದುಕೊಂಡದ್ದು ಅದರಿಂದ.